ಭತ್ತದ ಗದ್ದೆಗೆ ಡ್ರೋನೋ, ಸೆನ್ಸರೋ, ಕೈಯಲ್ಲಿರುವ ಮೊಬೈಲೇ ಸಾಕೋ?

ಮುಂಗಾರು ಹತ್ತಿರ ಬಂದ ಹಾಗೆ ಈ ಪ್ರಶ್ನೆ ಒಬ್ಬೊಬ್ಬರಿಂದ ಒಂದೊಂದು ರೂಪದಲ್ಲಿ ಬರುತ್ತದೆ. ತೀರ್ಥಹಳ್ಳಿ ಕಡೆಯವರೊಬ್ಬರಿಗೆ ಬೆಂಗಳೂರಿನಲ್ಲಿರುವ ಮಗ ಮಣ್ಣಿಗೆ ಚುಚ್ಚುವ ಸೆನ್ಸರ್ ಕಳಿಸುತ್ತೇನೆ ಅಂದಿದ್ದಾನೆ. ತರಿಸಲಾ ಬೇಡವಾ ಅನ್ನೋದು ಅವರ ಚಿಂತೆ. ಭದ್ರಾವತಿ ಹತ್ತಿರದ ನಾಲ್ಕೈದು ಮನೆಯವರು ಸೇರಿ ಡ್ರೋನ್ ಕೊಳ್ಳುವ ಮಾತಾಡುತ್ತಿದ್ದಾರೆ. ಶಿಕಾರಿಪುರದವರಿಗೆ ಮೆಕ್ಕೆಜೋಳದ ಎಲೆಯ ಫೋಟೊ ನೋಡಿ ರೋಗ ಹೇಳುವ ಆ್ಯಪನ್ನು ಎಷ್ಟರ ಮಟ್ಟಿಗೆ ನಂಬಬೇಕು ಅನ್ನೋ ಅನುಮಾನ.

ಎಲ್ಲರಿಗೂ ಒಂದೇ ಉತ್ತರ ಆಗಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಅಲ್ಲಿಂದ ನೂರು ಕಿಲೋಮೀಟರಿನೊಳಗೇ ಇರುವ ಶಿವಮೊಗ್ಗದ ಬಯಲಿಗೆ ಬಂದರೆ ಸಾವಿರದ ಆಸುಪಾಸು. ಜಿಲ್ಲೆ ಒಂದೇ, ಬೆಳೆಯೂ ಒಂದೇ. ಆದರೆ ಒಬ್ಬರಿಗೆ ಗದ್ದೆಯಿಂದ ನೀರು ಹೊರಗೆ ಕಳಿಸುವ ಕಷ್ಟ, ಇನ್ನೊಬ್ಬರಿಗೆ ನಾಲೆಯಲ್ಲಿ ನೀರು ಬರಲಿಲ್ಲವೆಂಬ ಕಷ್ಟ. ಇಬ್ಬರೂ ಒಂದೇ ಯಂತ್ರ ಕೊಂಡರೆ ಒಬ್ಬರ ದುಡ್ಡಂತೂ ದಂಡ.

ಕೊಳ್ಳುವ ಮುಂಚೆ ಏನು ನೋಡಬೇಕು

ಮೊದಲನೆಯದು, ನಿಮ್ಮ ಕಾಳು ಎಲ್ಲಿ ಸೋರಿ ಹೋಗುತ್ತಿದೆ? ಬೆಂಕಿ ರೋಗಕ್ಕಾ, ನೀರಿನ ಕೊರತೆಗಾ, ಕಾಡುಹಂದಿಗಾ, ಕೊಯ್ಲಿನ ಹೊತ್ತಿನ ಮಳೆಗಾ? ಅಥವಾ ಬೆಳೆ ಚೆನ್ನಾಗಿ ಬಂದು, ಮಾರುವಾಗ ತೇವಾಂಶದ ನೆಪದಲ್ಲಿ ಕಡಿತವಾಗುತ್ತಿದೆಯಾ? ಹಿಂದಿನ ಎರಡು ಮೂರು ವರ್ಷದ್ದು ನೆನಪು ಮಾಡಿಕೊಂಡು ಒಂದು ಹಾಳೆಯಲ್ಲಿ ಬರೆಯಿರಿ. ಮನೆಯ ಹೆಂಗಸರನ್ನೂ ಕೇಳಿ. ಎಷ್ಟು ಚೀಲ ಮುಗ್ಗಲು ಹಿಡಿಯಿತು, ಎಷ್ಟು ಹುಳ ಬಿತ್ತು ಅನ್ನೋದು ಅವರಿಗೆ ಸರಿಯಾಗಿ ಗೊತ್ತಿರುತ್ತದೆ. ಯಾವ ಸಾಲಿನಲ್ಲಿ ನಷ್ಟ ಜಾಸ್ತಿಯೋ ಆ ಸಾಲಿಗೆ ಮಾತ್ರ ದುಡ್ಡು.

ಎರಡನೆಯದು ಬೆಲೆ. ಇದನ್ನು ರೂಪಾಯಿಯಲ್ಲಿ ನೋಡಬೇಡಿ, ಭತ್ತದಲ್ಲಿ ನೋಡಿ. ಸಾಮಾನ್ಯ ಭತ್ತಕ್ಕೆ 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. 30,000 ರೂಪಾಯಿಯ ಸೆನ್ಸರ್ ಸೆಟ್ ಅಂದರೆ ಹತ್ತಿರ ಹತ್ತಿರ 13 ಕ್ವಿಂಟಾಲ್ ಭತ್ತ. ಮಳೆ ನಂಬಿದ ಗದ್ದೆಯಲ್ಲಿ ಎಕರೆಗೆ 15 ಕ್ವಿಂಟಾಲ್ ಬಂದರೆ ಒಂದು ಎಕರೆಯ ಬೆಳೆ ಬಹುಪಾಲು ಆ ಪೆಟ್ಟಿಗೆಗೇ ಹೋಯಿತು. ಅದು ಎಷ್ಟು ವರ್ಷದಲ್ಲಿ ಅಷ್ಟು ಭತ್ತ ವಾಪಸ್ ಕೊಡುತ್ತದೆ ಅಂತ ಮಾರುವವರನ್ನು ಕೇಳಿ. ಉತ್ತರ ಹೇಳುವಾಗ ಅವರ ಮುಖ ನೋಡಿ, ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ.

ಮೂರನೆಯದು, ಆಷಾಢದಲ್ಲಿ ಅದು ನಡೆಯುತ್ತಾ? ಹೊಸನಗರ, ಸಾಗರದ ಒಳಗಿನ ಹಳ್ಳಿಗಳಲ್ಲಿ ಗಾಳಿಮಳೆಗೆ ಕರೆಂಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿ ಮುಗಿಯುತ್ತದೆ, ಆಮೇಲೆ ಫೋನ್ ಬರೀ ಟಾರ್ಚ್. ನೆಟ್‌ವರ್ಕ್ ಇಲ್ಲದೆ ಕೆಲಸ ಮಾಡದ ವಸ್ತು ನಮ್ಮಲ್ಲಿ ವರ್ಷಕ್ಕೆ ಎರಡು ಮೂರು ತಿಂಗಳು ಸುಮ್ನೆ ಕೂರುತ್ತದೆ. ಅದೂ ಗದ್ದೆಗೆ ಅದು ಬೇಕಾಗಿರುವ ತಿಂಗಳುಗಳಲ್ಲೇ.

ನಾಲ್ಕನೆಯದು ರಿಪೇರಿ. ಶಿವಮೊಗ್ಗದಲ್ಲೋ ತಾಲ್ಲೂಕು ಪೇಟೆಯಲ್ಲೋ ಬಿಚ್ಚಿ ನೋಡುವವರು ಇದ್ದಾರಾ, ಇಲ್ಲಾ ಕೊರಿಯರಿನಲ್ಲಿ ಪುಣೆಗೆ ಹೋಗಬೇಕಾ?

ಇನ್ನೊಂದಿದೆ, ಇದನ್ನು ಕೇಳುವವರು ಕಡಿಮೆ. ನಿಮ್ಮ ಭತ್ತ ಊಟಕ್ಕಾ, ಮಾರಾಟಕ್ಕಾ? ಮಲೆನಾಡಿನ ಎಷ್ಟೋ ಮನೆಗಳಲ್ಲಿ ದುಡ್ಡು ಕೊಡುವುದು ಅಡಿಕೆ, ಭತ್ತ ಅನ್ನಕ್ಕೆ ಮಾತ್ರ. ಐದು ಜನರ ಮನೆಗೆ ವರ್ಷಕ್ಕೆ ಐದು ಕ್ವಿಂಟಾಲ್ ಅಕ್ಕಿ ಅಂದುಕೊಂಡರೂ ಏಳೂವರೆ ಎಂಟು ಕ್ವಿಂಟಾಲ್ ಭತ್ತ ಸಾಕು. ಅಷ್ಟಕ್ಕೆ ಡ್ರೋನಿನ ಲೆಕ್ಕಾಚಾರ ಬೇಡ. ಆದರೆ ಅಷ್ಟು ಭತ್ತ ಪಣತದಲ್ಲಿ, ಅಂದರೆ ಕಣಜದಲ್ಲಿ, ಕೆಡದ ಹಾಗೆ ನೋಡಿಕೊಳ್ಳೋದು ಮುಖ್ಯ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಸಿಗುತ್ತದಲ್ಲ ಅನ್ನಬಹುದು. ಸಿಗುತ್ತದೆ, ದೊಡ್ಡ ಆಸರೆಯೂ ಹೌದು. ಆದರೆ ಅಲ್ಲಿಯೂ ಈಗ ಬೆರಳಿಟ್ಟ ಮೇಲೇ ಅಕ್ಕಿ. ಅಡಿಕೆ ಸುಲಿದು ಸವೆದ ಬೆರಳನ್ನು ಯಂತ್ರ ಒಪ್ಪದ ದಿನ, ಸರ್ವರ್ ಇಲ್ಲದ ದಿನ ಚೀಲ ಖಾಲಿಯೇ ವಾಪಸ್ ಬರುತ್ತದೆ. ಮನೆಯ ಭತ್ತಕ್ಕೆ ಇರುವ ಬೆಲೆ ಇದು, ಯಾವ ಮಾರುಕಟ್ಟೆ ದರದಲ್ಲೂ ಕಾಣಲ್ಲ.

ದುಡ್ಡಿಲ್ಲದೆ ಸಿಗುವುದು: ಫೋನಿನ ಮಳೆ ಸುದ್ದಿ

ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್ 2019ರಿಂದ ಇದೆ. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಮುಂದಿನ ಐದು ದಿನದ ಹವಾಮಾನ ನೋಡಿಕೊಂಡು ಬೆಳೆ ಸಲಹೆ ಕೊಡುತ್ತಾರೆ. ಸಿಡಿಲಿಗೆ ದಾಮಿನಿ ಅಂತ ಬೇರೆ ಆ್ಯಪ್ ಇದೆ. ಮಳೆಗಾಲಕ್ಕೆ ಮುಂಚಿನ ಸಂಜೆಗಳಲ್ಲಿ ಬಯಲಲ್ಲಿ ಕೆಲಸ ಮಾಡುವವರು ಹಾಕಿಕೊಳ್ಳಲೇಬೇಕು. ಇವೆರಡಕ್ಕಿಂತ ನಮ್ಮ ಗದ್ದೆಗೆ ಹತ್ತಿರವಾದದ್ದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಅಳೆದು ಕಳಿಸುವ ಮಳೆಮಾಪಕಗಳು ಅವರದ್ದು. ಅವರ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ನಿಮ್ಮ ಹೋಬಳಿ ಹೆಸರು ಹೇಳಿ ಕೇಳಬಹುದು. ಆಗುಂಬೆ ಮತ್ತು ಶಿಕಾರಿಪುರಕ್ಕೆ ಒಂದೇ ಜಿಲ್ಲಾ ಮುನ್ಸೂಚನೆ ಓದಿ ನಂಬಿದರೆ ಇಬ್ಬರಲ್ಲಿ ಒಬ್ಬರು ಕೆಡುತ್ತಾರೆ. ಹೋಬಳಿ ಮಟ್ಟದ್ದನ್ನೇ ನೋಡಿ.

ದೊಡ್ಡ ಕಂಪ್ಯೂಟರುಗಳ ಕೆಲಸ ಬಡ ರೈತನಿಗೆ ನಿಜಕ್ಕೂ ಮುಟ್ಟುವುದು ಇಲ್ಲಿ. 2025ರ ಮುಂಗಾರಿನಲ್ಲಿ ಕೇಂದ್ರ ಕೃಷಿ ಇಲಾಖೆ 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಎಐ ಆಧಾರಿತ ಮುಂಗಾರು ಮುನ್ಸೂಚನೆಯನ್ನು ಎಸ್ಸೆಮ್ಮೆಸ್ ಮಾಡಿತು, ಅದೂ ನಾಲ್ಕು ವಾರ ಮುಂಚಿತವಾಗಿ. ಸಸಿಮಡಿ ಯಾವಾಗ ಹಾಕಬೇಕು ಅನ್ನೋ ಪ್ರಶ್ನೆಗೆ ಇಂಥದ್ದು ಸಹಾಯ ಮಾಡುತ್ತದೆ. ನಮ್ಮ ಹಿರಿಯರ ಆರಿದ್ರಾ, ಪುನರ್ವಸು ಲೆಕ್ಕವನ್ನು ಯಾರೂ ಬಿಡಬೇಕಾಗಿಲ್ಲ. ಆದರೆ ಮಳೆ ಈಗೀಗ ನಕ್ಷತ್ರ ನೋಡಿಕೊಂಡು ಬರುತ್ತಿಲ್ಲ ಅಲ್ವಾ?

ಇದರ ಮಿತಿ ಏನು? ಐದು ದಿನದಾಚೆಗೆ ಇಂಥ ದಿನವೇ ಮಳೆ ಅಂತ ಹೇಳುವ ಆ್ಯಪನ್ನು ನಂಬಬೇಡಿ. ಘಟ್ಟದ ಅಂಚಿನಲ್ಲಿ ಒಂದು ಗುಡ್ಡದ ಈಚೆ ಬಿದ್ದದ್ದು ಆಚೆ ಬೀಳಲ್ಲ, ಅಷ್ಟು ಸಣ್ಣ ಜಾಗವನ್ನು ಯಾವ ಮಾದರಿಯೂ ಇನ್ನೂ ಸರಿಯಾಗಿ ಹಿಡಿದಿಲ್ಲ. ಕೊಯ್ಲಿಗೆ ಎರಡು ಮೂರು ದಿನದ ಮುನ್ಸೂಚನೆ ನೋಡಿ, ಅಷ್ಟು ಸಾಕು.

ಫೋನಿನ ಎರಡನೇ ಕೆಲಸ, ಎಲ್ಲರೂ ಬಿಡುವುದು

ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಅತಿ ಹೆಚ್ಚು ಲಾಭ ಕೊಡುವುದು ಇದೇ. ಮಾಡುವವರು ಮಾತ್ರ ಕಡಿಮೆ, ಯಾಕೆಂದರೆ ಇದರಲ್ಲಿ ಯಂತ್ರವಿಲ್ಲ, ಸದ್ದಿಲ್ಲ, ಊರಿನವರು ನಿಂತು ನೋಡುವುದಿಲ್ಲ. ಬೆಳೆ ಸಮೀಕ್ಷೆಯ ಮಾತು ಹೇಳುತ್ತಿದ್ದೇನೆ.

ರಾಜ್ಯದಲ್ಲಿ 2020ರಿಂದ ರೈತರೇ ತಮ್ಮ ಜಮೀನಿನ ಬೆಳೆಯನ್ನು ಆ್ಯಪಿನಲ್ಲಿ ದಾಖಲು ಮಾಡಬಹುದು. ಸರ್ವೆ ನಂಬರಿನೊಳಗೆ ನಿಂತು ಫೋಟೊ ತೆಗೆಯಬೇಕು, ಫೋನು ಜಾಗದ ಗುರುತನ್ನೂ ಸೇರಿಸಿಕೊಳ್ಳುತ್ತದೆ. ರೈತರು ಮಾಡದಿದ್ದರೆ ಹಳ್ಳಿಗೆ ನೇಮಿಸಿದ ಖಾಸಗಿ ನಿವಾಸಿ, ಅಂದರೆ ಪಿ.ಆರ್., ಬಂದು ಮಾಡುತ್ತಾರೆ. ಪಹಣಿಯ ಬೆಳೆ ಕಾಲಂ, ಬೆಂಬಲ ಬೆಲೆಗೆ ಮಾರುವ ನೋಂದಣಿ, ಬೆಳೆ ಪರಿಹಾರ, ವಿಮೆ, ಎಲ್ಲ ಈ ಒಂದು ದಾಖಲೆಯ ಮೇಲೆ ನಿಂತಿದೆ.

ನಮ್ಮ ಕಡೆ ಎಡವಟ್ಟು ಆಗುವ ರೀತಿ ನೋಡಿ. ಗದ್ದೆಯ ಬದುವಿನ ಮೇಲೆ ಒಂದು ಸಾಲು ಅಡಿಕೆ ಸಸಿ ಇದೆ. ಬಂದವರು ರಸ್ತೆ ಬದಿಯಲ್ಲಿ ನಿಂತು ಫೋಟೊ ಹೊಡೆದರು, ಸಸಿ ಮುಂದೆ ಕಂಡಿತು, ಭತ್ತ ಹಿಂದೆ ಹಸಿರು ಹಸಿರಾಗಿ ಉಳಿಯಿತು. ಕಂಪ್ಯೂಟರಿನಲ್ಲಿ ಆ ಗದ್ದೆ ಅಡಿಕೆ ತೋಟ. ವಿಮೆ ಕಟ್ಟಿದ್ದು ಭತ್ತಕ್ಕೆ. ಎರಡೂ ತಾಳೆಯಾಗದೆ ಅರ್ಜಿ ತಿರಸ್ಕಾರವಾದ ಮೇಲೆ ನಾಡಕಚೇರಿಗೆ ಅಲೆದಾಟ ಶುರು. ಬೆಳೆ ದರ್ಶಕ ಆ್ಯಪಿನಲ್ಲಿ ನಿಮ್ಮ ಸರ್ವೆ ನಂಬರಿಗೆ ಏನು ದಾಖಲಾಗಿದೆ ಅಂತ ನೋಡಬಹುದು, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಅವಧಿ ಮುಗಿದ ಮೇಲೆ ಹೋದರೆ ಯಾರೂ ಏನೂ ಮಾಡಲ್ಲ. ರಾಜ್ಯದ ರೈತ ನೋಂದಣಿ ವ್ಯವಸ್ಥೆಯಾದ ಫ್ರೂಟ್ಸ್‌ನಲ್ಲಿ ನಿಮಗೆ ಕೊಟ್ಟಿರುವ ಗುರುತಿನ ಸಂಖ್ಯೆಗೆ, ಅಂದರೆ ಎಫ್‌ಐಡಿಗೆ, ನಿಮ್ಮ ಎಲ್ಲ ಸರ್ವೆ ನಂಬರೂ ಸೇರಿದೆಯಾ ಅಂತಲೂ ನೋಡಿಕೊಳ್ಳಿ. ಪಾಲು ಆದ ಮನೆಗಳಲ್ಲಿ ಒಂದಲ್ಲ ಒಂದು ನಂಬರ್ ಬಿಟ್ಟು ಹೋಗಿರುತ್ತದೆ.

ಜಮೀನಿನ ಲೆಕ್ಕ ಬರೆದಿಡುವ ಬುದ್ಧಿ ಈ ಸೀಮೆಗೆ ಹೊಸದೇನಲ್ಲ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಮಣ್ಣು, ಇಳುವರಿ ನೋಡಿ ಕಂದಾಯ ಗೊತ್ತು ಮಾಡಿದ ‘ಶಿಸ್ತು’ ಇಲ್ಲಿಯದ್ದೇ. ಆಗ ಲೆಕ್ಕ ಶಾನುಭೋಗರ ಕಡತದಲ್ಲಿತ್ತು, ಈಗ ಸರ್ವರಿನಲ್ಲಿದೆ. ತಪ್ಪು ಬರೆದರೆ ಪರದಾಡುವವರು ಅಂದೂ ಇಂದೂ ಒಬ್ಬರೇ.

ವಿಮೆ ಕಟ್ಟಬೇಕಾ ಬೇಡವಾ ಅನ್ನೋದು ಇದರ ಜೊತೆಗೇ ಬರುವ ಪ್ರಶ್ನೆ. ಫಸಲ್ ಬಿಮಾದಲ್ಲಿ ಮುಂಗಾರು ಭತ್ತಕ್ಕೆ ರೈತರ ಪಾಲು ವಿಮಾ ಮೊತ್ತದ ಶೇ. 2 ಮಾತ್ರ. ಆದರೆ ಸಾಮಾನ್ಯವಾಗಿ ಪರಿಹಾರ ನಿರ್ಧಾರವಾಗುವುದು ಪಂಚಾಯಿತಿಯ ಸರಾಸರಿ ಇಳುವರಿ ಮೇಲೆ. ನಿಮ್ಮ ಗದ್ದೆ ಪೂರ್ತಿ ಹೋಗಿ ಉಳಿದವರದ್ದು ಚೆನ್ನಾಗಿ ಬಂದರೆ ನಿಮಗೆ ಸಿಗುವುದು ಕಷ್ಟ. 2023ರಿಂದ ಭತ್ತದ ಇಳುವರಿ ಅಂದಾಜಿನಲ್ಲಿ ಉಪಗ್ರಹದಂಥ ತಂತ್ರಜ್ಞಾನದ ಲೆಕ್ಕಕ್ಕೆ ಕನಿಷ್ಠ ಶೇ. 30 ತೂಕ ಕೊಡುವ ಪದ್ಧತಿ ಬಂದಿದೆ, ಕರ್ನಾಟಕವೂ ಅದರಲ್ಲಿದೆ. ಮೋಡ ಮುಚ್ಚಿದ ಮಲೆನಾಡನ್ನು ಮಾಮೂಲಿ ಉಪಗ್ರಹದ ಕ್ಯಾಮೆರಾ ನೋಡಲಾರದು, ರೇಡಾರ್ ಉಪಗ್ರಹ ನೋಡುತ್ತದೆ. 2025ರ ಜುಲೈ 30ರಂದು ಇಸ್ರೋ ಹಾರಿಸಿದ ನಿಸಾರ್ ಅಂಥದ್ದು. ಅದರಿಂದ ನಿಮ್ಮ ಇಪ್ಪತ್ತು ಗುಂಟೆಯ ನ್ಯಾಯ ನಾಳೆಯೇ ಸಿಗುತ್ತದೆ ಅಂತ ಹೇಳಲ್ಲ.

ಒಂದು ಒಳ್ಳೆಯ ಸುದ್ದಿ ಕಾಡಂಚಿನವರಿಗೆ. ಕಾಡುಪ್ರಾಣಿಗಳಿಂದಾದ ನಷ್ಟವನ್ನೂ, ಭತ್ತದ ಗದ್ದೆ ಮುಳುಗಿದ ನಷ್ಟವನ್ನೂ 2026ರ ಮುಂಗಾರಿನಿಂದ ವಿಮೆಗೆ ಸೇರಿಸುವುದಾಗಿ ಕೇಂದ್ರ 2025ರ ನವೆಂಬರಿನಲ್ಲಿ ಪ್ರಕಟಿಸಿದೆ. ಯಾವ ಪ್ರಾಣಿ, ಯಾವ ಜಿಲ್ಲೆ ಅನ್ನೋದನ್ನು ರಾಜ್ಯ ಗೊತ್ತು ಮಾಡಬೇಕು. ನಷ್ಟವಾದ 72 ಗಂಟೆಯೊಳಗೆ ಜಾಗದ ಗುರುತಿರುವ ಫೋಟೊ ಸಮೇತ ಬೆಳೆ ವಿಮೆಯ ಆ್ಯಪಿನಲ್ಲಿ ತಿಳಿಸಬೇಕು. ವರದಾ ನದಿಯ ಬದಿಯ ಸಾಗರ, ಸೊರಬದ ಗದ್ದೆಯವರು, ಹಂದಿ ಕಾಟದ ಹೊಸನಗರದವರು ಈ ವರ್ಷ ವಿಮೆ ಕಟ್ಟುವ ಮುಂಚೆ ರೈತ ಸಂಪರ್ಕ ಕೇಂದ್ರದಲ್ಲಿ ಇದನ್ನೇ ಮೊದಲು ಕೇಳಿ.

ಡ್ರೋನ್: ಬಾಡಿಗೆಗೆ ಸರಿ, ಕೊಳ್ಳೋದು?

ಡ್ರೋನಿನ ಹೆಚ್ಚುಗಾರಿಕೆ ನಿಜವಾದದ್ದು. ಬೆನ್ನಿಗೆ ಪಂಪ್ ಹಾಕಿಕೊಂಡು ಎಕರೆಗೆ 150ರಿಂದ 200 ಲೀಟರ್ ನೀರು ಹೊತ್ತು ಕೆಸರಲ್ಲಿ ಅರ್ಧ ದಿನ ನಡೆಯುವ ಕೆಲಸವನ್ನು ಅದು 10 ಲೀಟರಿನಲ್ಲಿ, ಹತ್ತು ನಿಮಿಷದೊಳಗೆ ಮುಗಿಸುತ್ತದೆ. ಔಷಧಿ ಮೈಮೇಲೆ ಬೀಳಲ್ಲ. ಆಳು ಸಿಗದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಬಾಡಿಗೆ ಎಕರೆಗೆ 500 ರೂಪಾಯಿ ಅಂದುಕೊಂಡರೆ 21 ಕೆ.ಜಿ. ಭತ್ತ. ತೆನೆ ಹೊರಡುವಾಗ ಅದರ ಕುತ್ತಿಗೆಗೆ ಬೆಂಕಿ ರೋಗ ಬಂದರೆ ಹೋಗುವ ಭತ್ತ ಕ್ವಿಂಟಾಲುಗಟ್ಟಲೆ. ಹಸ್ತ, ಚಿತ್ತ ಮಳೆಯ ನಡುವೆ ಸಿಗುವ ಒಂದು ಒಣ ಸಂಜೆಯಲ್ಲಿ ಹತ್ತು ಎಕರೆ ಮುಗಿಸಬಲ್ಲದ್ದು ಡ್ರೋನ್ ಒಂದೇ.

ಆದರೆ ಎಲ್ಲಾ ರೋಗ, ಎಲ್ಲಾ ಹುಳಕ್ಕೂ ಅದು ಸಮ ಅಲ್ಲ. ಮೇಲಿನ ಎಲೆ, ತೆನೆಯ ರೋಗಕ್ಕೆ ಚೆನ್ನಾಗಿ ಹಿಡಿಯುತ್ತದೆ. ಕಂದು ಜಿಗಿ ಹುಳು ಇರೋದು ಬುಡದಲ್ಲಿ, ನೀರಿನ ಮಟ್ಟದ ಹತ್ತಿರ. ಗಿಡ ಒತ್ತಾಗಿ ಬೆಳೆದ ಮೇಲೆ ಮೇಲಿಂದ ಬಿದ್ದ ಮಂಜಿನಂಥ ಹನಿ ಬುಡ ಮುಟ್ಟುವುದು ಕಷ್ಟ. ಆಗ ಸಾಲು ಬಿಡಿಸಿ ಕೈಪಂಪಿನಲ್ಲೇ ಹೊಡೆಯಬೇಕು.

ಎರಡನೇ ತೊಡಕು ನಮ್ಮ ಗದ್ದೆಗಳ ಆಕಾರ. ಭದ್ರಾ ಅಚ್ಚುಕಟ್ಟಿನ ಬಯಲಿನಲ್ಲಿ ಡ್ರೋನ್ ಉದ್ದಕ್ಕೆ ಹೋಗಿ ತಿರುಗಿ ಬರುತ್ತದೆ, ನೋಡಲು ಚೆಂದ. ತೀರ್ಥಹಳ್ಳಿಯ ಮೆಟ್ಟಿಲು ಗದ್ದೆಗೆ ಬಂದರೆ ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಹಲಸಿನ ಮರ, ಮಧ್ಯೆ ಕರೆಂಟ್ ತಂತಿ. ಎರಡು ಗದ್ದೆ ಮುಗಿಸುವಷ್ಟರಲ್ಲಿ ಎತ್ತರ ಬದಲಾಯಿಸು, ಇಳಿಸು, ಮತ್ತೆ ಏರಿಸು. ಅಂಚಿನ ಐದಾರು ಅಡಿ ಹಾಗೇ ಬಿಟ್ಟುಹೋಗುತ್ತದೆ. ಬಾಡಿಗೆಯವರು ಅಲ್ಲಿಗೆ ಬರಲು ಒಪ್ಪುವುದೇ ಕಡಿಮೆ. ಸೊಗಾನೆಯ ವಿಮಾನ ನಿಲ್ದಾಣದ ಸುತ್ತಲಿನ ಹಳ್ಳಿಯವರು ಇನ್ನೂ ಒಂದು ವಿಷಯ ನೋಡಬೇಕು. ಸರ್ಕಾರದ ಡ್ರೋನ್ ನಕ್ಷೆಯಾದ ಡಿಜಿಟಲ್ ಸ್ಕೈಯಲ್ಲಿ ನಿಮ್ಮ ಜಾಗ ಕೆಂಪೋ ಹಳದಿಯೋ ಆಗಿದ್ದರೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ.

ಕೊಳ್ಳುವವರ ಲೆಕ್ಕ ಬೇರೆ. ಬ್ಯಾಟರಿ, ಚಾರ್ಜರ್ ಸೇರಿ 10 ಲಕ್ಷ ಆಯಿತು ಅಂದುಕೊಳ್ಳಿ. ಬಾಡಿಗೆ ಕೇಂದ್ರ ನಡೆಸುವ ಸಹಕಾರ ಸಂಘ, ರೈತ ಕಂಪನಿಗಳಿಗೆ ಶೇ. 40, ಹೆಚ್ಚೆಂದರೆ 4 ಲಕ್ಷ ಸಹಾಯಧನ. ಸಣ್ಣ ರೈತರು, ಮಹಿಳೆಯರು, ಪರಿಶಿಷ್ಟರಿಗೆ ಶೇ. 50, 5 ಲಕ್ಷದವರೆಗೆ. ಮಹಿಳಾ ಸ್ವಸಹಾಯ ಸಂಘಕ್ಕೆ 2025-26ರವರೆಗೆ ಮಂಜೂರಾದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಶೇ. 80, 8 ಲಕ್ಷದವರೆಗೆ. 4 ಲಕ್ಷ ಸಿಕ್ಕಿದರೂ ಉಳಿದ 6 ಲಕ್ಷ ವಾಪಸ್ ಬರಲು 500ರ ಬಾಡಿಗೆಯಲ್ಲಿ 1,200 ಎಕರೆ ಹೊಡೆಯಬೇಕು. ಅದರಲ್ಲಿ ಪೈಲಟ್ ಸಂಬಳ, ಓಡಾಟದ ವ್ಯಾನ್, ಹಳೆಯದಾಗುವ ಬ್ಯಾಟರಿ ಸೇರಿಲ್ಲ. ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರವೂ ಬೇಕು. ನಾಲ್ಕೈದು ಮನೆಯ ಇಪ್ಪತ್ತು ಮೂವತ್ತು ಎಕರೆಗೆ ಇದು ಏಳಲ್ಲ. ಇಡೀ ಅಚ್ಚುಕಟ್ಟಿನಲ್ಲಿ ಊರೂರು ತಿರುಗುವ ಹುಡುಗ ಒಬ್ಬ ಇದ್ದರೆ ಏಳಬಹುದು. ಸಂಘದ ಹೆಂಗಸರು ಶೇ. 80ರಲ್ಲಿ ಪಡೆದರೆ ಲೆಕ್ಕ ಬೇರೆಯೇ ಆಗುತ್ತದೆ, ಅವರು ಯೋಚನೆ ಮಾಡಲಿ.

ನೀರಿಗೆ: ಸೆನ್ಸರ್, ಪೈಪ್, ಮೊಬೈಲ್ ಸ್ಟಾರ್ಟರ್

ಮಣ್ಣಿನ ತೇವ ಅಳೆದು ಫೋನಿಗೆ ಕಳಿಸುವ ಸೆನ್ಸರ್ ಹನಿ ನೀರಾವರಿಯ ತೋಟಕ್ಕೆ ಹೇಳಿ ಮಾಡಿಸಿದ್ದು. ಭತ್ತದ ಗದ್ದೆಗೆ ಅದರ ತಮ್ಮನಂತೆ ಒಂದು ಪ್ಲಾಸ್ಟಿಕ್ ಪೈಪ್ ತುಂಡು ಇದೆ, ಕೆಲಸ ಅದೇ ಮಾಡುತ್ತದೆ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರಕ್ಕೆ ತಂದ ವಿಧಾನ. ಒಂದಡಿ ಉದ್ದದ ಪೈಪಿನ ಕೆಳಗಿನ ಅರ್ಧಕ್ಕೆ ತೂತು ಕೊರೆದು ಗದ್ದೆಯಲ್ಲಿ ಹೂಳಿ, ಒಳಗಿನ ಮಣ್ಣು ತೆಗೆಯಿರಿ. ಒಳಗೆ ಕಾಣುವ ನೀರು ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮಾತ್ರ ನೀರು ಕಟ್ಟಿ. ನಾಟಿಯಾದ ಮೊದಲ ಎರಡು ವಾರ ಮತ್ತು ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಗದ್ದೆಯಲ್ಲಿ ನೀರು ನಿಂತೇ ಇರಬೇಕು. ನೀರಿನಲ್ಲಿ ಶೇ. 30ರವರೆಗೆ ಉಳಿತಾಯ ಸಾಧ್ಯ. ಗದ್ದೆಯಿಂದ ಹೊರಡುವ ಮೀಥೇನ್ ಕೂಡ ಕಡಿಮೆಯಾಗುತ್ತದೆ. ಖರ್ಚು ಪ್ಲಂಬಿಂಗ್ ಅಂಗಡಿಯ ತುಂಡು ಪೈಪಿನಷ್ಟೇ.

ಬೋರ್‌ವೆಲ್ ನೀರಿನಲ್ಲಿ ಬೇಸಿಗೆ ಭತ್ತ ಮಾಡುವ ಸೊರಬ, ಶಿಕಾರಿಪುರ ಕಡೆಯವರಿಗೆ ಇದು ಪೂರಾ ಲಾಭ. ನಾಲೆಯ ಕೊನೆ ಭಾಗದವರಿಗೆ ಪೈಪ್ ಆದರೂ, ಸೆನ್ಸರ್ ಆದರೂ ಅರ್ಧ ಲಾಭ. ಸೆನ್ಸರ್ ನೀರು ಬೇಕು ಅಂತ ಕೂಗಿದರೂ ನಾಲೆಯಲ್ಲಿ ಸರದಿ ಬರಬೇಕಲ್ವಾ? 2023ರ ಬರದಲ್ಲಿ ಭದ್ರಾ ನೀರಿಗೆ ಎಷ್ಟು ತಳ್ಳಾಟ ಆಯಿತು ಅಂತ ಅಚ್ಚುಕಟ್ಟಿನವರಿಗೆ ಬೇರೆ ಹೇಳಬೇಕಾಗಿಲ್ಲ. ಅಲ್ಲಿ ದುಡ್ಡು ಹಾಕುವುದಾದರೆ ಲೇಸರ್ ಲೆವೆಲರ್ ಬಾಡಿಗೆಗೆ ಹಾಕಿ. ಗದ್ದೆ ಮಟ್ಟವಾದರೆ ಬಂದಷ್ಟು ನೀರು ಎಲ್ಲಾ ಮೂಲೆಗೂ ಹರಿಯುತ್ತದೆ. ಮೆಟ್ಟಿಲು ಗದ್ದೆಗೆ ಅದು ಇಳಿಯೋದೂ ಇಲ್ಲ, ಬೇಕಾಗೂ ಇಲ್ಲ. ತೀರ್ಥಹಳ್ಳಿಯ ಮಗನ ಸೆನ್ಸರಿಗೂ ಉತ್ತರ ಇದೇ: ಮಳೆಗಾಲದ ಗದ್ದೆಗೆ ಬೇಡ, ತೋಟಕ್ಕೆ ಹನಿ ನೀರಾವರಿ ಇದ್ದರೆ ಅಲ್ಲಿ ಚುಚ್ಚಿ.

ಮೊಬೈಲ್ ಸ್ಟಾರ್ಟರ್ ಬೇರೆ ಜಾತಿಯದ್ದು. 5,000 ರೂಪಾಯಿಯದ್ದು ಎರಡು ಕ್ವಿಂಟಾಲ್ ಭತ್ತದ ಬೆಲೆ. ತ್ರಿಫೇಸ್ ಕರೆಂಟ್ ರಾತ್ರಿ ಎಷ್ಟೊತ್ತಿಗೋ ಬಂದಾಗ ಹಾವು, ಆನೆ ಭಯದಲ್ಲಿ ಮೋಟಾರ್ ಮನೆಗೆ ನಡೆಯುವುದು ತಪ್ಪುತ್ತದೆ. ಅದೊಂದಕ್ಕೇ ಕೊಡಬಹುದು. ಕರೆಂಟ್ ಬಂದ ತಕ್ಷಣ ತಾನೇ ಶುರುವಾಗುವ ಆಟೋ ಸ್ವಿಚ್ ಮಾತ್ರ ಹಾಕಿಬಿಟ್ಟರೆ ನೀರು ಬೇಕೋ ಬೇಡವೋ ಹರಿಯುತ್ತಿರುತ್ತದೆ. ಸಿಮ್ ರೀಚಾರ್ಜ್ ನೆನಪಿರಲಿ.

ಮಣ್ಣು, ಗೊಬ್ಬರ, ರೋಗ

ಆನ್‌ಲೈನಿನಲ್ಲಿ ‘ಸೆವೆನ್ ಇನ್ ಒನ್’ ಅಂತ ಸಾರಜನಕ, ರಂಜಕ, ಪೊಟ್ಯಾಷ್ ಎಲ್ಲ ತೋರಿಸುವ ಕಡ್ಡಿಗಳು ಸಿಗುತ್ತವೆ. ಬೇಡ. ಅವು ಮಣ್ಣಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ಅಳೆದು, ಅದರ ಮೇಲೆ ಮೂರು ಅಂಕಿ ಊಹಿಸಿ ತೋರಿಸುತ್ತವೆ. ಪ್ರಯೋಗಾಲಯದ ಮಣ್ಣು ಪರೀಕ್ಷೆಗೆ ಅದು ಸಮವೇ ಅಲ್ಲ. ಮಲೆನಾಡಿನ ಹುಳಿ ಮಣ್ಣಿಗೆ ಸುಣ್ಣ ಎಷ್ಟು ಹಾಕಬೇಕು ಅನ್ನೋದೇ ಮೊದಲ ಪ್ರಶ್ನೆ, ಅದಕ್ಕೆ ರೈತ ಸಂಪರ್ಕ ಕೇಂದ್ರದ ಮೂಲಕವೋ ಶಿವಮೊಗ್ಗದ ನವಿಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಮಣ್ಣು ಕೊಟ್ಟು ಕಾರ್ಡ್ ಪಡೆಯಿರಿ. ಯೂರಿಯಾ ಯಾವಾಗ ಅನ್ನೋದಕ್ಕೆ ಎಲೆ ಬಣ್ಣದ ಪಟ್ಟಿ ಸಾಕು. ಬೆಳಿಗ್ಗೆ ನಿಮ್ಮ ಮೈ ನೆರಳಲ್ಲಿ ಹಿಡಿದು ಹತ್ತು ಗಿಡದ ಮೇಲಿನ ಪೂರ್ತಿ ಬಿಚ್ಚಿದ ಎಲೆಯನ್ನು ಪಟ್ಟಿಗೆ ಹೋಲಿಸಿ. ಆರು ಎಲೆ ತೆಳು ಬಣ್ಣದ್ದಾದರೆ ಯೂರಿಯಾ ಹಾಕಿ, ಇಲ್ಲದಿದ್ದರೆ ಬಿಡಿ. ಯೂರಿಯಾ ಜಾಸ್ತಿಯಾದಷ್ಟೂ ಬೆಂಕಿ ರೋಗಕ್ಕೆ ಹಬ್ಬ.

ಫೋಟೊ ಆ್ಯಪಿನ ವಿಚಾರಕ್ಕೆ ಶಿವಮೊಗ್ಗದಲ್ಲೇ ಒಂದು ಪಾಠವಿದೆ. ಇಡೀ ದೇಶದಲ್ಲಿ ಮೆಕ್ಕೆಜೋಳದ ಫಾಲ್ ಸೈನಿಕ ಹುಳು ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ ನವಿಲೆಯ ಕೃಷಿ ಕಾಲೇಜಿನ ಹೊಲದಲ್ಲಿ. ಹುಳವನ್ನು ಕೈಯಲ್ಲಿ ಹಿಡಿದು ನೋಡಿದವರು ಕಂಡುಹಿಡಿದದ್ದು. ತಲೆಯ ಮೇಲೆ ತಲೆಕೆಳಗಾದ ವೈ ಗುರುತು, ಹಿಂಭಾಗದಲ್ಲಿ ಚೌಕಾಕಾರವಾಗಿ ನಾಲ್ಕು ಚುಕ್ಕೆ. ಆ್ಯಪು ತಾನು ಮುಂಚೆ ನೋಡಿದ ಚಿತ್ರವನ್ನು ಮಾತ್ರ ಗುರುತಿಸುತ್ತದೆ, ಹೊಸ ಕೀಟ ಬಂದರೆ ಹಳೆಯ ಹೆಸರೇ ಹೇಳುತ್ತದೆ. ಈಗ ಸೈನಿಕ ಹುಳು ಹಳೆಯದಾಗಿದೆ, ಆದ್ದರಿಂದ ಶಿಕಾರಿಪುರದವರು ಪ್ಲಾಂಟಿಕ್ಸ್‌ನಂಥ ಆ್ಯಪನ್ನು ಅದಕ್ಕೆ ಬಳಸಬಹುದು, ಕನ್ನಡದಲ್ಲೂ ಇದೆ. ಭತ್ತದಲ್ಲಿ ಹುಷಾರು. ಬೆಂಕಿ ರೋಗದ ಶುರುವಿನ ಚುಕ್ಕೆ, ಕಂದು ಚುಕ್ಕೆ ರೋಗ, ಸತುವಿನ ಕೊರತೆ ಮಳೆಯಲ್ಲಿ ತೆಗೆದ ಫೋಟೊದಲ್ಲಿ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. ಆ್ಯಪ್ ಹೆಸರು ಹೇಳಲಿ, ಔಷಧಿ ತರುವ ಮುಂಚೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಒಂದು ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅಂಗಡಿಯವನನ್ನು ಕೇಳಿದರೆ ಮೂರು ಬಾಟಲಿ ಜೊತೆಗೆ ಕಳಿಸುತ್ತಾನೆ.

ಯಾರೂ ಕೇಳದ ಒಂದು ಸಣ್ಣ ಯಂತ್ರ

ತೇವಾಂಶ ಮಾಪಕ. ಅಂಗೈಯಗಲದ ಡಬ್ಬಿ, ಒಂದು ಹಿಡಿ ಭತ್ತ ಹಾಕಿದರೆ ಅಂಕಿ ತೋರಿಸುತ್ತದೆ. ಬೆಂಬಲ ಬೆಲೆ ಖರೀದಿಯಲ್ಲಿ ಶೇ. 17ಕ್ಕಿಂತ ಜಾಸ್ತಿ ತೇವ ಇದ್ದರೆ ತಗೊಳ್ಳಲ್ಲ. ಯಂತ್ರದಲ್ಲಿ ಕೊಯ್ದು ನೇರ ಚೀಲಕ್ಕೆ ತುಂಬಿದ ಭತ್ತ ಶೇ. 20 ದಾಟಿರುವುದು ಮಾಮೂಲು. ಲಾರಿ ಬಾಡಿಗೆ ಕೊಟ್ಟು ಹೋಗಿ, ಅಲ್ಲಿ 19 ಅಂತ ತೋರಿಸಿ, ಸಾಲಿನಿಂದ ಹೊರಗೆ ನಿಲ್ಲಿಸಿದರೆ ಆಗುವ ಖರ್ಚಿನಲ್ಲೇ ಮಾಪಕದ ದುಡ್ಡು ಹುಟ್ಟುತ್ತದೆ.

ಖಾಸಗಿ ಮಿಲ್ಲಿಗೆ ಮಾರುವವರಿಗೆ ಇದು ಇನ್ನೂ ಬೇಕು. ಶೇ. 21 ತೇವದ ಒಂದು ಕ್ವಿಂಟಾಲ್ ಭತ್ತ ಒಣಗಿ ಶೇ. 17ಕ್ಕೆ ಬಂದರೆ ತೂಕ ಸುಮಾರು 95 ಕೆ.ಜಿ. ಅಂದರೆ ತೇವಕ್ಕೆ ಅಂತ 5 ಕೆ.ಜಿ. ಕಡಿದರೆ ಸರಿ, 8 ಕಡಿದರೆ ಕೇಳಬೇಕು. ಕೈಯಲ್ಲಿ ಅಂಕಿ ಇಲ್ಲದೆ ಕೇಳಿದರೆ ಯಾರು ಕೇಳಿಸಿಕೊಳ್ಳುತ್ತಾರೆ? ಆ ದಿನದ ಧಾರಣೆಯನ್ನು ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ನೋಡಿಕೊಂಡು ಹೋಗಿ, ಅದಕ್ಕೂ ಖರ್ಚಿಲ್ಲ.

ಊಟದ ಭತ್ತಕ್ಕೂ ಇದೇ ಮಾಪಕ. ಪಣತಕ್ಕೆ ಹಾಕುವಾಗ ಶೇ. 13ರ ಹತ್ತಿರ ಇರಬೇಕು, 14 ದಾಟಿದರೆ ಮುಗ್ಗಲಿಗೆ ದಾರಿ. ಹಲ್ಲಿನಲ್ಲಿ ಕಚ್ಚಿ ‘ಕಟ್’ ಅನ್ನುವ ಸದ್ದು ಕೇಳಿ ಹೇಳುವವರು ಇನ್ನೂ ಇದ್ದಾರೆ, ಅವರ ಅಂದಾಜು ಬಹಳ ಸಲ ಸರಿಯೂ ಇರುತ್ತದೆ. ಆದರೆ 13ಕ್ಕೂ 15ಕ್ಕೂ ಇರುವ ವ್ಯತ್ಯಾಸ ಹಲ್ಲಿಗೆ ಸಿಗಲ್ಲ. ಮಾಪಕ ಬಳಸುವಾಗ ಇಬ್ಬನಿ ಬಿದ್ದು ಮೇಲ್ಮೈ ಒದ್ದೆಯಾದ ಭತ್ತ, ಬಿಸಿಲಿಂದ ಆಗಷ್ಟೇ ಒಳಗೆ ತಂದ ಬಿಸಿ ಭತ್ತ ಹಾಕಬೇಡಿ, ಅಂಕಿ ಸುಳ್ಳು ಹೇಳುತ್ತದೆ. ಚೀಲದ ಮೇಲಿನದ್ದು, ನಡುವಿನದ್ದು, ತಳದ್ದು ಬೆರೆಸಿ ಮೂರು ಸಲ ನೋಡಿ. ಐದಾರು ಸಾವಿರದ್ದೊಂದನ್ನು ಹತ್ತು ಮನೆ ಸೇರಿ ತಂದರೆ ಮನೆಗೆ 25 ಕೆ.ಜಿ. ಭತ್ತದ ಬೆಲೆಯ ಆಸುಪಾಸು ಅಷ್ಟೇ. ನೆಟ್‌ವರ್ಕ್ ಬೇಡ, ಕರೆಂಟ್ ಬೇಡ, ಪೆನ್ ಟಾರ್ಚಿನ ಸೆಲ್ ಸಾಕು.

ಹಾಗಾದರೆ ಯಾರಿಗೆ ಯಾವುದು

ಒಂದೆರಡು ಎಕರೆ ಮೆಟ್ಟಿಲು ಗದ್ದೆ, ಊಟಕ್ಕೆ ಭತ್ತ, ದುಡ್ಡಿಗೆ ಅಡಿಕೆ ಅನ್ನುವವರು ದೊಡ್ಡ ಯಂತ್ರಕ್ಕೆ ಒಂದು ರೂಪಾಯಿಯೂ ಹಾಕಬೇಕಾಗಿಲ್ಲ. ಬೆಳೆ ಸಮೀಕ್ಷೆ ಸರಿ ಮಾಡಿಸಿ, ಹೋಬಳಿ ಮಳೆ ನೋಡಿ ಕೊಯ್ಲಿಗೆ ಇಳಿಯಿರಿ, ಮಾಪಕಕ್ಕೆ ಪಾಲು ಕೊಡಿ. ಹಂದಿ ಕಾಟ ಇದ್ದರೆ ಮಿಕ್ಕ ದುಡ್ಡು ಬೇಲಿಗೆ ಹೋಗಲಿ. ಚಲನೆ ಕಂಡರೆ ಕೂಗುವ ಸೆನ್ಸರ್ ಪೆಟ್ಟಿಗೆಗೆ ಹಂದಿ ಸ್ವಲ್ಪ ದಿನ ಹೆದರುತ್ತದೆ, ಆಮೇಲೆ ಒಗ್ಗಿಕೊಳ್ಳುತ್ತದೆ.

ಅಚ್ಚುಕಟ್ಟಿನಲ್ಲಿ ಐದು ಎಕರೆ ಮೇಲೆ ಇದ್ದು ಮಾರಾಟಕ್ಕೇ ಬೆಳೆಯುವವರು ಒಂದು ಸಲ ಲೇಸರ್ ಲೆವೆಲರ್, ಪ್ರತಿ ವರ್ಷ ಬಾಡಿಗೆ ಡ್ರೋನ್, ಸ್ವಂತ ತೇವಾಂಶ ಮಾಪಕ, ಈ ಕ್ರಮದಲ್ಲಿ ಹೋಗಬಹುದು. ಭದ್ರಾವತಿಯ ನಾಲ್ಕೈದು ಮನೆಯವರಿಗೂ ನಾನು ಹೇಳುವುದು ಇದೇ: ಎರಡು ವರ್ಷ ಬಾಡಿಗೆಗೆ ಹೊಡೆಸಿ, ಸುತ್ತಲಿನವರು ಎಷ್ಟು ಎಕರೆಗೆ ಕರೆಯುತ್ತಾರೆ ಅಂತ ಬರೆದಿಟ್ಟು, ಆಮೇಲೆ ಕೊಳ್ಳುವ ಮಾತಾಡಿ. ಬೋರ್‌ವೆಲ್ ನಂಬಿದವರು ಪೈಪ್ ತುಂಡಿನಿಂದ ಶುರು ಮಾಡಿ, ರಾತ್ರಿ ಓಡಾಟ ಜಾಸ್ತಿ ಇದ್ದರೆ ಮೊಬೈಲ್ ಸ್ಟಾರ್ಟರ್ ಸೇರಿಸಿ.

ಗೇಣಿಗೆ ಗದ್ದೆ ಮಾಡುವವರ ಪರಿಸ್ಥಿತಿ ಬೇರೆ. ಎಫ್‌ಐಡಿ, ಸಮೀಕ್ಷೆ, ವಿಮೆ, ಖರೀದಿ ಎಲ್ಲವೂ ಹೆಚ್ಚಾಗಿ ಪಹಣಿಯಲ್ಲಿ ಹೆಸರಿರುವವರಿಗೆ ಹೋಗುತ್ತದೆ, ದುಡಿದವರ ಹೆಸರು ಬಹಳ ಸಲ ಕಂಪ್ಯೂಟರಿಗೆ ಗೊತ್ತೇ ಇರಲ್ಲ. ಅವರು ಸಸಿ ಹಾಕುವ ಮುಂಚೆಯೇ ಮಾಲೀಕರ ಜೊತೆ ಕೂತು, ಪರಿಹಾರ ಬಂದರೆ ಯಾರಿಗೆ ಎಷ್ಟು ಅಂತ ಬರೆಸಿಕೊಳ್ಳುವುದು ಒಳ್ಳೆಯದು.

ಡ್ರೋನ್ ಬಾಡಿಗೆಗೆ ಹೇಳುವವರು ತೆನೆ ಹೊರಡುವ ಎರಡು ವಾರ ಮುಂಚೆಯೇ ಹೇಳಿಡಿ. ರೋಗ ಕಂಡ ಮೇಲೆ ಫೋನ್ ಮಾಡಿದರೆ ಇಡೀ ತಾಲ್ಲೂಕು ಅವತ್ತೇ ಮಾಡಿರುತ್ತದೆ. ಸಂಜೆಯ ಹೊತ್ತು ಕೇಳಿ, ಬೆಳಿಗ್ಗೆ ಭತ್ತ ಹೂ ಬಿಡುತ್ತಿರುತ್ತದೆ, ಜೇನೂ ಓಡಾಡುತ್ತಿರುತ್ತದೆ. ಔಷಧಿ ನೀವೇ ತಂದು, ನಿಮ್ಮ ಕಣ್ಣೆದುರೇ ಟ್ಯಾಂಕಿಗೆ ಹಾಕಿಸಿ.